ಮೂಗಿಗೊಂದು ರಾತ್ರಿ ಕೊಡಿ

ನಮ್ಮೂರಿಗೆ ಯಾರೇ ಬಂದರೂ ನಾನು ಮೊದಲು ನೋಡುವುದು ಅವರ ಮೂಗನ್ನು. ಚಪ್ಪಟೆಯೋ ನೀಳವೋ ಎಂದಲ್ಲ. ಬಸ್ಸಿನಿಂದ ಇಳಿದ ಕೂಡಲೇ ಅದು ಏನು ಮಾಡುತ್ತದೆ ಎಂದು. ಕೆಲವರದು ಸುಕ್ಕುಗಟ್ಟುತ್ತದೆ. ಕೆಲವರ ಕೈ ಕರವಸ್ತ್ರ ಹುಡುಕುತ್ತದೆ. ಸಂಭಾವಿತರು ಏನೂ ಆಗಿಲ್ಲವೆಂಬಂತೆ ಆಕಾಶ ನೋಡುತ್ತಾರೆ. ದಾಂಡೇಲಿ ಕಾಗದದ ಮಿಲ್ಲಿನ ಊರು. ಕಟ್ಟಿಗೆ ಬೆಂದು ತಿರುಳಾಗುವಾಗ ಒಂದು ವಾಸನೆ ಏಳುತ್ತದೆ, ಗಾಳಿ ಈ ಕಡೆ ತಿರುಗಿದರೆ ಊರಿಗೆಲ್ಲ ಅದರ ಪಾಲು ಸಿಗುತ್ತದೆ. ಹಾಗಂತ ಬಂದವರು ಹೇಳುತ್ತಾರೆ. ನಮಗಂತೂ ಬರುವುದಿಲ್ಲ.

ಭೂಮಿಯ ಗುಣವೇ ಗಂಧ ಎಂದು ನಮ್ಮ ತರ್ಕಶಾಸ್ತ್ರದವರು ಹೇಳಿದ್ದಾರಂತೆ. ಆ ಲೆಕ್ಕದಲ್ಲಿ ನಮ್ಮೂರಿನಷ್ಟು ಅಪ್ಪಟ ಭೂಮಿ ಬೇರೆಲ್ಲೂ ಇರಲಿಕ್ಕಿಲ್ಲ. ಆದರೆ ಈ ಶಾಸ್ತ್ರ ನನ್ನ ಬೀಗತಿಗೆ ಗೊತ್ತಿರಲಿಲ್ಲ.

ನನ್ನ ಮಗಳು ಗಿರಿಜಾಳನ್ನು ಧಾರವಾಡಕ್ಕೆ ಕೊಟ್ಟಿದ್ದೇವೆ. ಮದುವೆಯಾದ ಹೊಸದರಲ್ಲಿ, ತವರಿನಿಂದ ತಂದ ಸೀರೆಯ ಮಡಿಕೆಯನ್ನು ಅವಳು ಬಿಚ್ಚಿದಾಗ ಅವಳ ಅತ್ತೆ ನಾಲ್ಕು ಜನರೆದುರು ಮೂಸಿ, "ಏನವಾ, ಮಿಲ್ಲೂ ಕಟಗೊಂಡ ಬಂದೀಯೇನು?" ಎಂದರಂತೆ. ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು, ಇವಳೂ ನಕ್ಕಳು. ಆದರೆ ಅಂದಿನಿಂದ ನಮ್ಮ ಮನೆಯಿಂದ ಹೊರಡುವಾಗಲೆಲ್ಲ ಸೀರೆಗಳ ಮಡಿಕೆಯಲ್ಲಿ ಊದಿನಕಡ್ಡಿಯ ಪಾಕೀಟು ಇಡತೊಡಗಿದಳು. ನಾನು ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವಳ ಫೋನು ಬಂತು. "ಅಪ್ಪಾ, ಶನಿವಾರ ರವಿವಾರ ಅತ್ತ್ಯಾರು, ಮಾವಾರು ನಮ್ಮ ಊರ ನೋಡಾಕ ಬರ್ತಾರಂತ. ನಾನೂ ಬರ್ತೇನಿ. ಆ ವಾಸನಿದು ಏನರ ಮಾಡು."

"ಏನ ಮಾಡ್ಲಿ ಮಗಳ? ಮಿಲ್ ಬಂದ್ ಮಾಡಸ್ಲೇನು?" ಎಂದೆ. ಅವಳು ನಗಲಿಲ್ಲ.

ನನಗೆ ಊರು ತೋರಿಸುವ ಹುಚ್ಚು ಮೊದಲಿನಿಂದಲೂ ಇದೆ. ಆದರೆ ಜೀವಮಾನವೆಲ್ಲ ಮಿಲ್ಲಿನಲ್ಲಿ ದುಡಿದ ನನಗೆ ದಿನವನ್ನು ಶಿಫ್ಟುಗಳಲ್ಲಲ್ಲದೆ ಬೇರೆ ರೀತಿಯಲ್ಲಿ ಕತ್ತರಿಸಲು ಬಾರದು. ಫಸ್ಟ್ ಶಿಫ್ಟಿನಲ್ಲಿ ಕುಳಗಿಯ ಕಾಡು, ಜನರಲ್ ಶಿಫ್ಟಿನಲ್ಲಿ ಗಣೇಶಗುಡಿಯ ಹೊಳೆ, ಸೆಕೆಂಡ್ ಶಿಫ್ಟಿನಲ್ಲಿ ಸೂಪಾ ಅಣೆಕಟ್ಟು. ಮರುದಿನ ಉಳವಿಗೆ ಹೋಗಿ ಚನ್ನಬಸವಣ್ಣನ ದರ್ಶನ. ಇದರಲ್ಲಿ ನಾನು ಇನ್ನೊಂದು ಜಾಣತನವನ್ನೂ ಮಾಡಿದೆ. ಬೀಗರು ಮಲಗುವುದಕ್ಕೆ ಗಣೇಶಗುಡಿಯಲ್ಲೇ ಒಂದು ರೂಮು ಹಿಡಿದೆ. ಅಲ್ಲಿ ಗಾಳಿ ಸ್ವಚ್ಛ.

ನನ್ನ ಹೆಂಡತಿ ಕೆಂಡವಾದಳು. "ಬೀಗರು ಬಂದ್ರ ಯಾರಾದ್ರೂ ಮನಿ ಬಾಗಲಾ ತಗೀತಾರ. ನೀವು ಲಾಜಿನ ಬಾಗಲಾ ತಗಸಾಕ್ಹತ್ತೀರಿ! ಏನರ ಚಂದ ಕಾಣಸ್ತೈತಿ?"

ಹುಬ್ಬಳ್ಳಿಯವರು, ಬೆಳಗಾವಿಯವರು ಎಂತೆಂಥ ತಪ್ಪನ್ನಾದರೂ ಮಾಡಿಯಾರು. ಸ್ವಂತ ಮನೆ ಗಟ್ಟಿಯಾಗಿರುವಾಗ ಬೀಗರನ್ನು ಊರಾಚೆ ಮಲಗಿಸುವ ತಪ್ಪು ದಾಂಡೇಲಿಯವನಿಗೇ ಹೊಳೆಯಬೇಕು.

ಶನಿವಾರ ಹಳಿಯಾಳದ ದಾರಿಯಿಂದ ಕಾರು ಬಂತು. ಊರೊಳಗೆ ಒಂದು ಚಹಾಕ್ಕೂ ನಿಲ್ಲಿಸದೆ ಸೀದಾ ಕುಳಗಿಗೆ ಕರೆದೊಯ್ದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ತೋರಿಸುತ್ತೇನೆಂದು ದಾರಿಯುದ್ದಕ್ಕೂ ಬಡಾಯಿ ಕೊಚ್ಚಿದ್ದೆ. ಬಂದದ್ದು ಮಂಗಗಳು. ಗಣೇಶಗುಡಿಯಲ್ಲಿ ಅದೃಷ್ಟ ತಿರುಗಿತು. ನಮ್ಮ ಕಾಳಿ ಹೊಳೆಯಲ್ಲಿ ತೆಪ್ಪ ಹಾಯಬೇಕಾದರೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡಬೇಕು, ಅಂದು ಬಿಟ್ಟಿದ್ದರು. ಹುಟ್ಟಿದಾಗಿನಿಂದ ದಂಡೆಯಲ್ಲೇ ಇದ್ದರೂ ನಾನು ಒಮ್ಮೆಯೂ ಆ ರಬ್ಬರ್ ತೆಪ್ಪ ಹತ್ತಿದವನಲ್ಲ. ಚೀಲ ಕಾಯುವವರು ಒಬ್ಬರು ಬೇಕಲ್ಲ ಎಂದು ದಡದಲ್ಲೇ ನಿಂತೆ. ಬೀಗತಿ ಮಾತ್ರ ಸೆರಗು ಬಿಗಿದು ಮುಂದಿನ ಸಾಲಿನಲ್ಲೇ ಕುಳಿತರು. ಮೊದಲ ಅಲೆಗೆ "ಯಪ್ಪಾ ಚನ್ನಬಸವಣ್ಣಾ!" ಎಂದು ಅವರು ಕೂಗಿದ್ದು ಅಣೆಕಟ್ಟಿನ ಗೋಡೆಗೆ ಮುಟ್ಟಿರಬೇಕು. ತೊಯ್ದು ತೊಪ್ಪೆಯಾಗಿ ಮೇಲೆ ಬಂದವರೇ, "ಇನ್ನೊಮ್ಮೆ ಬಿಡ್ತಾರೇನ್ರಿ?" ಎಂದರು. ನನಗೆ ಆ ಹೊಳೆಯನ್ನು ನಾನೇ ಹರಿಸಿದಷ್ಟು ಹೆಮ್ಮೆಯಾಯಿತು.

ಸಂಜೆ ರೂಮಿನ ವಿಷಯ ತೆಗೆದೆ. ಬೀಗತಿ ನಿಂತಲ್ಲೇ ನಿಂತರು. "ಬೀಗ್ರ, ಸೊಸಿ ತವರಮನಿ ಇಲ್ಲೇ ಇರೂವಾಗ ನಾವು ರೂಮಿನ್ಯಾಗ ಮಲಗೂದೇನ್ರಿ? ಮಂದಿ ಏನಂದಾರು? ನಡೀರಿ, ಮನಿಗಿ ಹೋಗೂಣು."

ಮನೆಗೆ ಬಂದೆವು. ಗಿರಿಜಾ ಕಾಲಿಗೆ ನೀರು ತಂದಳು. ಆಗಲೇ ಗಾಳಿ ತಿರುಗಬೇಕೇ! ಬೀಗತಿಯ ಮೂಗು ಸುಕ್ಕುಗಟ್ಟಿತು, ಸೆರಗು ಮೇಲೆ ಹೋಯಿತು. "ಬಂತ ನೋಡ್ರಿ," ಎಂದರು. ಗಿರಿಜಾ ತಲೆ ತಗ್ಗಿಸಿ ಕೈಯಲ್ಲಿದ್ದ ತಂಬಿಗೆಯನ್ನೇ ನೋಡತೊಡಗಿದಳು. ಆ ತಗ್ಗಿದ ತಲೆ ನನ್ನಿಂದ ನೋಡಲಾಗಲಿಲ್ಲ.

"ಹೂಂರಿ ಅಕ್ಕಾರ, ಬಂತು," ಎಂದೆ. "ನನ್ನ ಮಗಳು ಇದರಾಗ ಹುಟ್ಟಿದ್ಳು, ಇದರಾಗ ಬೆಳದ್ಳು. ಅಕಿ ಕಲ್ತ ಪುಸ್ತಕದ ಹಾಳಿ, ನಿಮಗ ಕೊಟ್ಟ ಲಗ್ನಪತ್ರಿಕಿ, ಎಲ್ಲಾ ಇಂಥಾ ವಾಸನ್ಯಾಗಿಂದನ ಬಂದದ್ದು. ನಾವು ಇದಕ್ಕ ಅನ್ನದ ವಾಸನಿ ಅಂತೇವ್ರಿ."

ನನ್ನ ದನಿ ಸ್ವಲ್ಪ ಏರಿತ್ತು. ಬೀಗರು ಗೋಡೆಯ ಕ್ಯಾಲೆಂಡರು ಓದತೊಡಗಿದರು. ಬೀಗತಿ ಒಂದು ಗಳಿಗೆ ಸೊಸೆಯನ್ನು ನೋಡಿದರು. ಸೆರಗು ಕೆಳಗಿಳಿಯಿತು. "ಅನ್ನದ್ದ ಇರ್ಲಿ ಬೀಗ್ರ, ರೊಟ್ಟಿ ವಾಸನಿ ಯಾವಾಗ ಬರ್ತೈತಿ? ಹೊಳ್ಯಾಗ ಒದರಿ ಒದರಿ ಹಸದೇನಿ," ಎಂದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ಜೋರಾಯಿತು.

ರವಿವಾರ ಬೆಳಿಗ್ಗೆ ಬೀಗತಿ ಚಹಾದ ಕಪ್ಪು ಹಿಡಿದು ಹಿತ್ತಲಲ್ಲಿ ನಿಂತಿದ್ದರು. ಹಿಂದಿನ ಆಲದ ಮರದಲ್ಲಿ ಜೋಡಿ ಮಂಗಟ್ಟೆ ಕುಳಿತು ಹಣ್ಣು ತಿನ್ನುತ್ತಿತ್ತು. ಕುಳಗಿಯವರೆಗೂ ಹೋಗಿ ಹುಡುಕಿದ ಹಕ್ಕಿ ಅದು. ಬೀಗತಿ ಅದನ್ನು ಕಣ್ತುಂಬ ನೋಡಿ, ಎದೆ ತುಂಬ ಉಸಿರೆಳೆದುಕೊಂಡು, "ಬೀಗ್ರ, ಇವತ್ತ ಮಿಲ್ ಸೂಟಿ ಏನ್ರಿ? ವಾಸನಿನ ಇಲ್ಲಲ್ಲ!" ಎಂದರು.

ನಾನು ತಲೆಯೆತ್ತಿ ನೋಡಿದೆ. ಚಿಮಣಿಯ ಹೊಗೆ ನಮ್ಮ ಹೆಂಚಿನ ಮೇಲೇ ಬಾಗಿತ್ತು. ಹೆಂಡತಿ ನನ್ನ ಮುಖ ನೋಡಿದಳು, ನಾನು ಮಗಳ ಮುಖ ನೋಡಿದೆ. ಒಬ್ಬರು ನಮ್ಮೂರಿನವರಾಗುವುದು ಹೀಗೆಯೇ. ಆಗಿದ್ದು ಅವರಿಗೇ ತಿಳಿಯುವುದಿಲ್ಲ.

ಉಳವಿಗೆ ಹೋಗಿ ಬಂದು ಅವರು ಹೊರಟಾಗ ಗಿರಿಜಾ ಹಗ್ಗದ ಮೇಲಿನ ಸೀರೆಗಳನ್ನು ಸೆಳೆದು, ಮಡಚಿ, ಹಾಗೇ ಬ್ಯಾಗಿಗೆ ಹಾಕಿದಳು. ಊದಿನಕಡ್ಡಿಯ ಪಾಕೀಟನ್ನು ತಾಯಿಯ ಕೈಗಿಟ್ಟು, "ಇದನ್ನ ದೇವರ ಮುಂದ ಹಚ್ಚಬೇ," ಎಂದಳು.

ಆದ್ದರಿಂದ ನೀವೂ ಮನೆಮಂದಿಯನ್ನು ಕಟ್ಟಿಕೊಂಡು ಬನ್ನಿ. ಕಾಡು ನೋಡಿ, ಹೊಳೆ ಹಾಯಿರಿ, ಚೀಲ ಕಾಯಲು ನಾನಿದ್ದೇನೆ. ಆದರೆ ಒಂದು ರಾತ್ರಿ ಊರೊಳಗೇ ಮಲಗಿ. ಮೊದಲ ದಿನ ನೀವು ಮೂಗು ಮುಚ್ಚಿಕೊಂಡರೆ ನಮಗೆ ಬೇಸರವಿಲ್ಲ. ಎರಡನೆಯ ದಿನ ನೋಡಿಕೊಳ್ಳುತ್ತೇವೆ.