ವಿಮಾನದಲ್ಲಿ ಕೊಟ್ಟ ಏಟು

ತಂಗಿ ತೀರಿಕೊಂಡ ಹದಿನಾಲ್ಕನೆಯ ದಿನ ಅವಳ ಮಗಳನ್ನು ಕರೆದುಕೊಂಡು ನಾನು ಪುಣೆಯಿಂದ ಬೆಂಗಳೂರಿನ ವಿಮಾನ ಹತ್ತಿದೆ. ಮಗುವಿಗೆ ಆಗ ಐದು ವರ್ಷ. ಅವಳಪ್ಪನಿಗೆ ಗುಬ್ಬಿ ಹತ್ತಿರದ ಬಿದರೆಹಳ್ಳಿ ಕಾವಲ್‌ನ ಕಾರ್ಖಾನೆಯಲ್ಲಿ ಕೆಲಸ ಸಿಗುವವರೆಗೆ ಅವಳು ಕುಣಿಗಲ್ಲಿನಲ್ಲಿ ನಮ್ಮ ಅಮ್ಮನ ಜೊತೆ ಇರಲಿ ಎಂದು ಮಾತಾಗಿತ್ತು.

ನಿನ್ನಮ್ಮ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ, ವಾಸಿಯಾದ ಮೇಲೆ ಬರುತ್ತಾಳೆ ಎಂದು ಮಗುವಿಗೆ ಹೇಳಿದ್ದೆವು. ಹಾಗೆ ಹೇಳೋಣ ಎಂದವಳು ನಾನೇ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ, ಇಪ್ಪತ್ತು ವರ್ಷದಿಂದ ಒಂದನೇ ಕ್ಲಾಸಿನ ಟೀಚರ್. ಮಕ್ಕಳ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ವಿಮಾನ ಮೇಲೇರಿದ್ದೇ ತಡ, ಅವಳ ಗಲಾಟೆ ಶುರುವಾಯಿತು. ಊಟದ ಹಲಗೆಯನ್ನು ಬಿಚ್ಚುವುದು, ಧಡ್ ಎಂದು ಮುಚ್ಚುವುದು. ಮುಂದಿನ ಸೀಟಿಗೆ ಒದೆಯುವುದು. ಗಗನಸಖಿಯನ್ನು ಕರೆಯುವ ಗುಂಡಿಯನ್ನು ನಾಲ್ಕು ಸಲ ಒತ್ತಿದಳು. ಬಿಸ್ಕತ್ತು ಕೊಟ್ಟರೆ ಪುಡಿ ಮಾಡಿ ಹಿಂದಿನವರ ಮೇಲೆ ಎರಚಿದಳು. ಕೈ ಹಿಡಿದರೆ ಕಿರುಚುತ್ತಿದ್ದಳು. ತರಗತಿಯಲ್ಲಿ ಐವತ್ತು ಮಕ್ಕಳನ್ನು ಸುಮ್ಮನಾಗಿಸಿದ ನನಗೆ ಒಬ್ಬಳನ್ನು ಸುಮ್ಮನಾಗಿಸಲು ಆಗಲಿಲ್ಲ. ಎಷ್ಟೋ ದಿನಗಳಿಂದ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮುಂದಿನ ಸೀಟಿನ ಹೆಂಗಸು ಕೊನೆಗೆ ಎದ್ದು ನಿಂತು ತಿರುಗಿದರು. ನಮ್ಮ ಕಡೆಯವರೇ, ಮಾತಿನಲ್ಲಿ ಗೊತ್ತಾಯಿತು.

"ಏನ್ರೀ, ಮಗೂನ ಹಿಂಗಾ ಬೆಳ್ಸೋದು? ತಾಯಿ ಅನ್ನಿಸ್ಕೊಂಡ್ಬಿಟ್ರೆ ಸಾಕಾ?"

ನಾನು ಬಾಯಿ ತೆರೆಯುವ ಮೊದಲೇ ಮಗು ಸೀಟಿನ ಮೇಲೆ ನಿಂತು ಗಟ್ಟಿಯಾಗಿ ಹೇಳಿತು: "ಇವ್ಳು ನಮ್ಮಮ್ಮ ಅಲ್ಲ, ದೊಡ್ಡಮ್ಮ. ನಮ್ಮಮ್ಮ ಸತ್ತೋಗಿದಾಳೆ!"

ನಾನು ಹೊಡೆದೆ. ಕೆನ್ನೆಗೇ. "ಹಂಗನ್ಬಾರ್ದು!" ಎಂದು ಅರಚಿದೆ. ಅಲ್ಲಿಯವರೆಗೆ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ.

ಅವಳು ಅಳಲಿಲ್ಲ. ಮೆಲ್ಲಗೆ ಕೂತು, ತಾನೇ ಬೆಲ್ಟ್ ಹಾಕಿಕೊಂಡಳು. ಆ ಹೆಂಗಸು ಬಗ್ಗಿ, "ಗೊತ್ತಿರ್ಲಿಲ್ಲ ಕಣಮ್ಮ, ತಪ್ಪಾಯ್ತು," ಎಂದು ನನ್ನ ಭುಜ ಮುಟ್ಟಿದರು. ಅವರ ಮುಖ ನೋಡಲು ನನಗಾಗಲಿಲ್ಲ.

ಟ್ಯಾಕ್ಸಿಯಲ್ಲಿ ನೆಲಮಂಗಲ ದಾಟಿದ ಮೇಲೆ ಮಗು ಕೇಳಿತು: "ದೊಡ್ಡಮ್ಮ, ನಾನ್ ಹೇಳಿದ್ದು ಸುಳ್ಳಾ?"

"ಇಲ್ಲ ಕಣೇ. ನಿಜ."

"ನಂಗೊತ್ತಿತ್ತು. ಅಜ್ಜಿ ಫೋನಲ್ಲಿ ಅಳ್ತಿದ್ದಾಗ ಕೇಳಿಸ್ಕೊಂಡೆ."

ಅಷ್ಟು ದಿನವೂ ಅವಳಿಗೆ ಗೊತ್ತಿತ್ತು. ನಾವು ಆಸ್ಪತ್ರೆಯ ಕತೆ ಹೇಳಿದಾಗಲೆಲ್ಲ ತಲೆಯಾಡಿಸಿದ್ದಳು. ಅಮ್ಮ ಸತ್ತದ್ದನ್ನು ಒಬ್ಬಳೇ ಎದೆಯಲ್ಲಿಟ್ಟುಕೊಂಡು ನಮ್ಮ ನಡುವೆ ಓಡಾಡಿಕೊಂಡಿದ್ದಳು.

"ನಿಜ ಆದ್ರೆ ಯಾಕ್ ಹೊಡ್ದೆ?"

ಅವಳನ್ನು ಎಳೆದು ತಬ್ಬಿಕೊಂಡೆ. ಮರದ ಕೊರಡಿನಂತೆ ಸೆಟೆದುಕೊಂಡೇ ಇದ್ದಳು. ಅತ್ತದ್ದು ನಾನೊಬ್ಬಳೇ. ಕುಣಿಗಲ್ ಕೆರೆ ಏರಿ ಕಾಣುವ ಹೊತ್ತಿಗೆ ನಿದ್ದೆ ಹೋಗಿದ್ದಳು.

ಈಗ ಅಪ್ಪನ ಜೊತೆ ಗುಬ್ಬಿಯಲ್ಲಿದ್ದಾಳೆ, ಎರಡನೇ ಕ್ಲಾಸು. ಭಾನುವಾರ ನಾನು ಹೋದಾಗ ಬಾಗಿಲಿಗೆ ಬಂದು "ಬನ್ನಿ ದೊಡ್ಡಮ್ಮ" ಎನ್ನುತ್ತಾಳೆ. ನೀರು ತಂದುಕೊಟ್ಟು ಒಳಗೆ ಹೋಗಿ ಪುಸ್ತಕ ಹಿಡಿಯುತ್ತಾಳೆ. ನಾನು ಹಜಾರದಲ್ಲಿ ಕೂತೇ ಇರುತ್ತೇನೆ.