ಪಕ್ಕದ ಮಗ್ಗದವಳು

ನನ್ನ ಸೋದರತ್ತೆ ಕೃತಘ್ನೆ. ಇದಕ್ಕಿಂತ ಮೃದುವಾದ ಮಾತು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಎಂಟು ಗಂಟೆಯ ಪಾಳಿ, ಹೆರಿಗೆ ರಜೆ, ಈಗ ಕೂತು ತಿನ್ನುತ್ತಿರುವ ಪಿಂಚಣಿ, ಎಲ್ಲವೂ ಮಿಲ್ಲಿನ ಕಾರ್ಮಿಕ ಸಂಘ ಹೋರಾಡಿ ತಂದದ್ದು. ಆ ಸಂಘ ಕಟ್ಟಿದ ದೊಡ್ಡಕ್ಕನ ಬಗ್ಗೆ ಮಾತ್ರ ಅತ್ತೆಯ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲಿಲ್ಲ. ‘ಮೈಕಿನವಳು’ ಎನ್ನುತ್ತಿದ್ದಳು, ಅಷ್ಟೇ.

ಮಿಲ್ಲಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮಗ್ಗ, ಎಡಗಡೆಯದು ದೊಡ್ಡಕ್ಕನದು. ಆ ಸದ್ದಿನಲ್ಲಿ ಕೂಗಿದರೂ ಕೇಳಿಸದು. ನೇಯುವ ಹೆಂಗಸರು ದನಿಯಿಲ್ಲದೆ ಬರೀ ತುಟಿಯಲ್ಲೇ ಮಾತಾಡುತ್ತಿದ್ದರು. ನೂಲು ಕಡಿದರೆ ಪಕ್ಕದವಳನ್ನು ಕರೆಯುವುದೂ ಹಾಗೆಯೇ. ಮೊದಲ ಮುಷ್ಕರದ ಸುದ್ದಿ ಮೇಸ್ತ್ರಿಯ ಕಣ್ಣೆದುರೇ ಮಗ್ಗದಿಂದ ಮಗ್ಗಕ್ಕೆ ಹೀಗೆ ದಾಟಿತಂತೆ. ಅತ್ತೆ ಮನೆಯಲ್ಲೂ ಅದೇ ರೂಢಿ ಇಟ್ಟುಕೊಂಡಿದ್ದಳು. ಅಕ್ಷರ ಕಲಿಯುವ ಮೊದಲೇ ನಾನು ಅವಳ ತುಟಿ ಓದುತ್ತಿದ್ದೆ.

ಮುಷ್ಕರ ಗೆದ್ದಿತು. ದೊಡ್ಡಕ್ಕನನ್ನು ಮಾತ್ರ ಮಿಲ್ಲಿನವರು ವಾಪಸು ತೆಗೆದುಕೊಳ್ಳಲಿಲ್ಲ. ಅವಳು ಬೇರೆ ಮಿಲ್ಲುಗಳಲ್ಲಿ ಸಂಘ ಕಟ್ಟುತ್ತ ಊರೂರು ತಿರುಗಿದಳು. ಪಕ್ಕದ ಮಗ್ಗಕ್ಕೆ ಇನ್ಯಾರೋ ಬಂದರು. ಒಲೆಯ ಮುಂದೆ ನಿಂತಾಗಲೂ ಅತ್ತೆಗೆ ಎಡಕ್ಕೆ ತಿರುಗುವ ಅಭ್ಯಾಸ ಹೋಗಲಿಲ್ಲ. ಎಡಗಡೆ ಇದ್ದದ್ದು ಗೋಡೆ.

ದೊಡ್ಡಕ್ಕ ಮಿಲ್ಲಿನ ಗೇಟಿಗೆ ಭಾಷಣಕ್ಕೆ ಬಂದ ದಿನ ಅತ್ತೆ ಹಿಂದಿನ ಗೇಟಿನಿಂದ ಮನೆಗೆ ಬರುತ್ತಿದ್ದಳು.

“ಒಂದ್ಸಲ ಮಾತಾಡಿಸ್ಬಾರ್ದಾ ಅತ್ತೆ?” ಎಂದು ನಾನೊಮ್ಮೆ ಕೇಳಿದ್ದೆ.

“ಊರಿಗೆಲ್ಲ ಅಕ್ಕ ಆದವಳಿಗೆ ನಾನ್ಯಾಕೆ ಬೇಕು? ನೀನು ಓದಿದವಳು, ಹೋಗಿ ಚಪ್ಪಾಳೆ ತಟ್ಟು.”

ದೊಡ್ಡಕ್ಕ ಸತ್ತಾಗಲೂ ಅವಳು ಹೋಗಲಿಲ್ಲ.

ಕಳೆದ ತಿಂಗಳು ಸಂಘದ ಕಚೇರಿಯಲ್ಲಿ ದೊಡ್ಡಕ್ಕನ ಭಾವಚಿತ್ರದ ಅನಾವರಣವಿತ್ತು. ನಾನು ಹೊರಟಾಗ ಅತ್ತೆ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ನೀವೆಲ್ಲಿಗೆ?”

“ಅಲ್ಲಿ ಹೊಸ ಫ್ಯಾನ್ ಹಾಕ್ಸಿದಾರಂತೆ. ಗಾಳಿಗೆ ಕೂತು ಬರ್ತೀನಿ.”

ಭಾಷಣಗಳು ಮುಗಿಯುವಂತೆ ಕಾಣಲಿಲ್ಲ. “ಇವ್ರಲ್ಲಿ ಒಬ್ಬನಾದ್ರೂ ಮಗ್ಗ ಮುಟ್ಟಿದಾನಾ?” ಎಂದು ಅತ್ತೆ ಪಕ್ಕದವರಿಗೆಲ್ಲ ಕೇಳುವಂತೆ ಗೊಣಗಿದಳು. ಕೊನೆಗೆ ಕಾರ್ಯದರ್ಶಿ ಅವಳನ್ನು ಗುರುತು ಹಿಡಿದು, ಕೈಹಿಡಿದು ಮುಂದೆ ಕರೆದೊಯ್ದ. “ಅಜ್ಜಿ, ದೊಡ್ಡಕ್ಕನ ಜೊತೆ ದುಡಿದವರು ನೀವು. ಎರಡು ಮಾತಾಡಿ.”

ಅತ್ತೆ ಸಭೆಗೆ ಬೆನ್ನು ಹಾಕಿ ಚಿತ್ರದ ಬಲಕ್ಕೆ ನಿಂತಳು. ಕತ್ತು ಎಡಕ್ಕೆ ತಿರುಗಿತು, ತುಟಿ ಅಲುಗಿತು. ದನಿ ಕೇಳದೆ ಕಾರ್ಯದರ್ಶಿ ಮೈಕು ಕೆಟ್ಟಿತೆಂದು ತಂತಿ ಅಲ್ಲಾಡಿಸಿದ.

ಬದಿಯ ಸಾಲಿನಿಂದ ನನಗೆ ಅವಳ ತುಟಿ ಕಾಣುತ್ತಿತ್ತು.

“ನೂಲು ಕಡೀತು. ಸ್ವಲ್ಪ ಈ ಕಡೆ ಬಾರೇ.”