ಪ್ಲಾಸ್ಟರಕ್ಕ ನೋಡಿದ ಎಕ್ಸ್‌ರೇ

ಮುರಿದ ಕೈಕಾಲುಗಳಿಗೆ ಇಪ್ಪತ್ತಾರು ವರ್ಷ ಪ್ಲಾಸ್ಟರ್ ಹಾಕಿದ ಅವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಪ್ಲಾಸ್ಟರಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರು ಏನೇ ಬರೆದಿರಲಿ, ಎಕ್ಸ್‌ರೇಯನ್ನು ಕಣ್ಣಾರೆ ನೋಡದೆ ಅವಳು ಪ್ಲಾಸ್ಟರ್ ಪಟ್ಟಿಯನ್ನು ನೀರಲ್ಲಿ ನೆನೆಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಬ್ಬಾತ ಕೈ ಮುರಿದ ತನ್ನ ಹೆಂಡತಿಯನ್ನು ಕರೆತಂದು, "ಮೆಟ್ಟಿಲಿಂದ ಜಾರಿ ಬಿದ್ಲು," ಎಂದ. ಹೆಂಡತಿ ನೆಲ ನೋಡುತ್ತಾ ಕೂತಿದ್ದಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಪ್ಲಾಸ್ಟರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಬೀಳೋರು ಅಂಗೈ ಊರ್ತಾರೆ ಕಣಯ್ಯಾ, ಆಗ ಮುರಿಯೋದು ಮಣಿಕಟ್ಟು. ಇಲ್ಲಿ ಮುರಿದಿರೋದು ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕಿರುಬೆರಳ ಕಡೆ ಮೂಳೆ. ತಲೆಗೆ ಬೀಳೋ ಏಟಿಗೆ ಕೈ ಅಡ್ಡ ಹಿಡಿದ್ರೆ ಮುರಿಯೋದು ಇದೇ. ನಿಮ್ಮನೆ ಮೆಟ್ಟಿಲು ದೊಣ್ಣೆ ಹಿಡ್ಕೊಂಡು ಓಡಾಡುತ್ತಾ?"

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ತಲೆ ಎತ್ತಿದಳು.

"ಹೌದಕ್ಕಾ, ದಿನಾ ಓಡಾಡುತ್ತೆ," ಎಂದಳು.